ಬದುಕುಳಿಯುವ ತರಬೇತಿ, ಕಲ್ಲುಬೆಟ್ಟದಿಂದ ಹಿಮಾಲಯದವರೆಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿದ್ದುಕೊಂಡು ಸರ್ವೈವಲ್ ಕೋರ್ಸ್ ಸೇರಬೇಕು ಅಂದುಕೊಂಡವರಿಗಾಗಿ ಈ ಪುಟ. ಕೋರ್ಸ್ ಸೇರದವರಿಗೂ ಇಲ್ಲಿನ ಎಷ್ಟೋ ವಿಷಯ ಮುಂದಿನ ವಾರಾಂತ್ಯಕ್ಕೇ ಉಪಯೋಗಕ್ಕೆ ಬರುತ್ತದೆ.

ಚಾರಣ ಮಾಡಿ ಅಭ್ಯಾಸವಿದೆ. ಮತ್ತೆ ಈ ಕೋರ್ಸ್ ಯಾಕೆ?

ಚಾರಣದಲ್ಲಿ ದಾರಿ ಮೊದಲೇ ಗೊತ್ತಿರುತ್ತದೆ, ಊಟ ಹೊತ್ತಿಗೆ ಸಿಗುತ್ತದೆ, ಮುಂದೆ ಗೈಡ್ ಇರುತ್ತಾರೆ. ಈ ಮೂರೂ ಕೈಕೊಟ್ಟ ಮೇಲೆ ಮೊದಲ ಒಂದೆರಡು ದಿನ ಏನು ಮಾಡಬೇಕು ಅನ್ನುವುದು ಕೋರ್ಸಿನ ವಿಷಯ. ಎಲ್ಲೆಡೆ ಹೇಳಿಕೊಡುವ ಲೆಕ್ಕ ಹೀಗಿದೆ: ಉಸಿರಿಲ್ಲದೆ 3 ನಿಮಿಷ, ಕೆಟ್ಟ ಹವೆಯಲ್ಲಿ ಮರೆಯಿಲ್ಲದೆ 3 ಗಂಟೆ, ನೀರಿಲ್ಲದೆ 3 ದಿನ, ಊಟವಿಲ್ಲದೆ 3 ವಾರ. ಇದು ಗಡಿಯಾರದ ಲೆಕ್ಕವಲ್ಲ, ಯಾವುದು ಮೊದಲು ಯಾವುದು ಆಮೇಲೆ ಅನ್ನುವ ಕ್ರಮ. ಹೆಚ್ಚಿನವರು ಇದನ್ನು ತಲೆಕೆಳಗು ಮಾಡುತ್ತಾರೆ. ದಾರಿ ತಪ್ಪಿತು ಅನ್ನಿಸಿದ ಕೂಡಲೇ ತಿನ್ನಲು ಏನಿದೆ ಎಂದು ಹುಡುಕುತ್ತಾರೆ, ನೆಂದ ಬಟ್ಟೆಯನ್ನು ಮಾತ್ರ ಮೈಮೇಲೇ ಬಿಟ್ಟಿರುತ್ತಾರೆ.

ಒಂದು ಕೋರ್ಸ್ ಮಾಡಿದರೆ ಎಲ್ಲಾ ಕಡೆಗೂ ಸಾಲದೇ?

ಸಾಲದು. ರಾಮನಗರದ ಬಂಡೆ, ಆಗುಂಬೆಯ ಮಳೆಕಾಡು, ಗೋಕರ್ಣದ ಕಡಲು, ಲಡಾಖ್: ಒಂದೊಂದು ನೆಲವೂ ಮನುಷ್ಯನನ್ನು ಒಂದೊಂದು ರೀತಿಯಲ್ಲಿ ಸೋಲಿಸುತ್ತದೆ. ಬಂಡೆಯಲ್ಲಿ ಬಿಸಿಲು, ಮಲೆನಾಡಿನಲ್ಲಿ ಒದ್ದೆ, ಹಿಮಾಲಯದಲ್ಲಿ ಎತ್ತರ. ಇಂಟರ್‌ನೆಟ್ಟಿನಲ್ಲಿ ಸಿಗುವ ವಿಡಿಯೊಗಳಲ್ಲಿ ಬಹುಪಾಲು ಚಳಿದೇಶದವರು ತಮ್ಮ ಪೈನ್ ಕಾಡುಗಳಿಗಾಗಿ ಮಾಡಿದವು. ಅಲ್ಲಿ ಸರಿಯಾದದ್ದು ನಮ್ಮ 13 ಡಿಗ್ರಿ ಅಕ್ಷಾಂಶದಲ್ಲಿ ತಪ್ಪಾಗುವುದುಂಟು. ಅಂಥ ಒಂದು ಉದಾಹರಣೆ ದಿಕ್ಕಿನ ಪ್ರಶ್ನೆಯಲ್ಲಿ ಸಿಗುತ್ತದೆ.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು?

ಬೆಂಗಳೂರಿನ ಸುತ್ತಲಿನ ಕಲ್ಲುಬೆಟ್ಟ ಮತ್ತು ಕುರುಚಲು ಕಾಡಿನಿಂದ. ಎರಡು ದಿನ, ಒಂದು ರಾತ್ರಿಯ ಕೋರ್ಸ್ ಸಾಕು. ರಸ್ತೆ ಹತ್ತಿರ, ಆಸ್ಪತ್ರೆ ಹತ್ತಿರ, ತಪ್ಪಿದರೆ ತಿದ್ದಿಕೊಳ್ಳಲು ಅವಕಾಶ ಇದೆ. ಇದಾದ ಮೇಲೆ ಮಲೆನಾಡಿನಲ್ಲಿ ಮೂರ್ನಾಲ್ಕು ದಿನ, ಆಮೇಲೆ ಬೇಕಿದ್ದರೆ ಹಿಮಾಲಯ. ನೇರವಾಗಿ ಮಳೆಗಾಲದ ಘಟ್ಟಕ್ಕೆ ಹೋಗಿ ಕಲಿಯಲು ಹೊರಟವರು ಚಳಿ ಮತ್ತು ಇಂಬಳದ ಜೊತೆ ಹೋರಾಡುವುದರಲ್ಲೇ ದಿನ ಕಳೆದು ಏನನ್ನೂ ಕಲಿಯದೆ ಮರಳುತ್ತಾರೆ.

ಕಲ್ಲುಬೆಟ್ಟದಲ್ಲಿ ನಿಜವಾದ ಅಪಾಯ ಯಾವುದು?

ಜಾರಿ ಬೀಳುವುದು ಎಂದು ಎಲ್ಲರೂ ಹೇಳುತ್ತಾರೆ, ಅದು ಹೌದು. 1226 ಮೀಟರ್ ಎತ್ತರದ ಸಾವನದುರ್ಗದಂಥ ಬೋಳು ಬಂಡೆಯಲ್ಲಿ ಹತ್ತುವಾಗ ಸುಲಭ ಅನ್ನಿಸಿದ ಇಳಿಜಾರು ಇಳಿಯುವಾಗ ಬೇರೆಯೇ ಆಗಿರುತ್ತದೆ. ಕಪ್ಪು ಪಟ್ಟೆಗಳು ಮಳೆನೀರು ಹರಿದು ಪಾಚಿ ಕಟ್ಟಿದ ಜಾಗಗಳು. ಒಣಗಿದ್ದಾಗ ಹಿಡಿತ ಕೊಟ್ಟರೂ ನಾಲ್ಕು ಹನಿ ಬಿದ್ದರೆ ಕಾಲು ನಿಲ್ಲದು. ಗುರುತು ಹಾಕಿದ ದಾರಿ ಬಿಟ್ಟು ಒಳದಾರಿ ಹುಡುಕಿದವರೇ ಹೆಚ್ಚಾಗಿ ಸಿಕ್ಕಿಹಾಕಿಕೊಳ್ಳುವುದು. ಕೆಳಗೆ ಕಾಲಿಡುವ ಜಾಗ ಕಣ್ಣಿಗೆ ಕಾಣದಿದ್ದರೆ ಇಳಿಯಬೇಡಿ, ಬಂದ ದಾರಿಯಲ್ಲೇ ಮೇಲಕ್ಕೆ ಹೋಗಿ.

ಎರಡನೆಯದು ಬಿಸಿಲು. ಬೆಳಗ್ಗೆ ಹತ್ತರ ಹೊತ್ತಿಗೆ ಬಂಡೆ ಕಾದು ಕೆಳಗಿನಿಂದಲೂ ಶಾಖ ಬಡಿಯುತ್ತದೆ. ತಲೆನೋವು, ವಾಕರಿಕೆ, ಸುಸ್ತು ಇದ್ದರೆ ನೆರಳಲ್ಲಿ ಕೂರಿಸಿ ಓಆರ್‌ಎಸ್ ಕುಡಿಸಿದರೆ ಸುಧಾರಿಸುತ್ತಾರೆ. ಆದರೆ ಮಾತು ತಡವರಿಸಿದರೆ, ಗೊಂದಲ ಕಂಡರೆ ಅದು ಹೀಟ್ ಸ್ಟ್ರೋಕ್. ಆಗ ನೀರು ಕುಡಿಸಲು ಒದ್ದಾಡಬೇಡಿ. ಇರುವ ನೀರನ್ನೆಲ್ಲ ಮೈಮೇಲೆ ಸುರಿದು ಬೀಸಿ, ಬೀಸುತ್ತಲೇ 108ಕ್ಕೆ ಕರೆ ಮಾಡಿ. ಆಸ್ಪತ್ರೆಗೆ ಸಾಗಿಸುವುದಕ್ಕಿಂತ ಮೊದಲು ಮೈ ತಣ್ಣಗಾಗಬೇಕು.

ಮೂರನೆಯದು ಹೆಜ್ಜೇನು. ಬಂಡೆಯ ಚಾಚಿನ ಕೆಳಗೆ ಕಪ್ಪಗೆ ನೇತಾಡುವ ಹುಟ್ಟು ಕಂಡರೆ ಸದ್ದಿಲ್ಲದೆ ಸುತ್ತು ಹಾಕಿ ಹೋಗಬೇಕು. ಸೆಂಟ್, ಹೊಗೆ, ಕೂಗಾಟ ಅವನ್ನು ಕೆರಳಿಸುತ್ತವೆ. ಎದ್ದುಬಿಟ್ಟರೆ ಮುಖ ಮುಚ್ಚಿಕೊಂಡು ಒಂದೇ ದಿಕ್ಕಿಗೆ ಓಡಿ, ಆದರೆ ಅಂಚು ಎಲ್ಲಿದೆ ಎಂದು ನೋಡಿಕೊಂಡು. ನೀರಿಗೆ ಧುಮುಕಬೇಡಿ, ತಲೆ ಎತ್ತುವವರೆಗೆ ಅವು ಮೇಲೇ ಸುತ್ತುತ್ತಿರುತ್ತವೆ. ಮುಳ್ಳನ್ನು ಹೇಗಾದರೂ ಸರಿ, ಬೇಗ ಕೀಳಬೇಕು. ತುಟಿ, ನಾಲಗೆ ಊದಿಕೊಂಡರೆ ಅಥವಾ ಉಸಿರು ಕಟ್ಟಿದರೆ ಆಸ್ಪತ್ರೆಗೆ ಓಡಬೇಕಾದ ಹೊತ್ತು ಅದು.

ಇನ್ನು ಏಪ್ರಿಲ್, ಮೇ ತಿಂಗಳ ಮಧ್ಯಾಹ್ನದ ಗುಡುಗು ಮಳೆ. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿಸಿದರೆ ಬೆಟ್ಟದ ನೆತ್ತಿ ಬಿಟ್ಟು ಇಳಿಯಬೇಕು. ಕೊನೆಯ ಗುಡುಗಿನ ನಂತರ 30 ನಿಮಿಷ ಮತ್ತೆ ಹತ್ತಬಾರದು. ಒಂಟಿ ಮರ, ಮಂಟಪದ ಕಂಬ, ಗುಹೆಯ ಬಾಯಿ ಯಾವುದೂ ರಕ್ಷಣೆಯಲ್ಲ. ರಾಮನಗರದ ಸುತ್ತಿನ ಗುಹೆಗಳಲ್ಲಿ ಕರಡಿ ಇರುವುದರಿಂದ ಗುಹೆಗೆ ನುಗ್ಗುವ ಯೋಚನೆಯೇ ಬೇಡ.

ದಿನಕ್ಕೆ ಎಷ್ಟು ನೀರು ಹೊರಬೇಕು? ಸಿಕ್ಕ ನೀರನ್ನು ಹೇಗೆ ಕುಡಿಯುವುದು?

ಬೇಸಿಗೆಯ ಕಲ್ಲುಬೆಟ್ಟಕ್ಕೆ ತಲೆಗೆ 4 ಲೀಟರ್, ಜೊತೆಗೆ ಎರಡು ಪೊಟ್ಟಣ ಓಆರ್‌ಎಸ್. ಪೊಟ್ಟಣ ಇಲ್ಲವಾದರೆ ಒಂದು ಲೀಟರ್ ನೀರಿಗೆ ತಲೆಮಟ್ಟ ಸವರಿದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪಿಲ್ಲದೆ ಬರೀ ನೀರನ್ನೇ ಗಟಗಟ ಕುಡಿಯುತ್ತಾ ಹೋದರೆ ರಕ್ತದಲ್ಲಿ ಸೋಡಿಯಂ ಇಳಿದು ತಲೆಸುತ್ತು, ವಾಂತಿ ಶುರುವಾಗುತ್ತದೆ. ಅದನ್ನು ಬಾಯಾರಿಕೆ ಎಂದು ತಿಳಿದು ಇನ್ನಷ್ಟು ನೀರು ಕುಡಿಸಿದರೆ ಅಪಾಯ ಹೆಚ್ಚುತ್ತದೆ.

ಬಂಡೆಯ ದೊಣೆಗಳಲ್ಲಿ ನಿಂತ ನೀರನ್ನು ಮೊದಲು ನಾಲ್ಕು ಮಡಿಕೆಯ ಹತ್ತಿಬಟ್ಟೆಯಲ್ಲಿ ಸೋಸಿ, ಆಮೇಲೆ ಕುದಿಸಿ. ಗುಳ್ಳೆ ಎದ್ದು ಕೊತಕೊತ ಕುದಿಯಲು ಶುರುವಾದ ಮೇಲೆ 1 ನಿಮಿಷ ಸಾಕು. 2000 ಮೀಟರಿಗಿಂತ ಮೇಲೆ 3 ನಿಮಿಷ ಬೇಕು. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1930 ಮೀಟರ್ ಆದ್ದರಿಂದ ನಮ್ಮ ರಾಜ್ಯದೊಳಗೆ ಒಂದು ನಿಮಿಷದ ಲೆಕ್ಕ ಎಲ್ಲೂ ತಪ್ಪುವುದಿಲ್ಲ. ಕ್ಲೋರಿನ್ ಮಾತ್ರೆಯಾದರೆ ಪೊಟ್ಟಣದ ಮೇಲಿನ ಅಳತೆ ನೋಡಿ ಹಾಕಿ 30 ನಿಮಿಷ ಕಾಯಬೇಕು. ಕಲಕು ನೀರಿನಲ್ಲಿ ಮಾತ್ರೆಯ ಶಕ್ತಿಯೆಲ್ಲ ಕೊಳೆಗೇ ಖರ್ಚಾಗುತ್ತದೆ, ಅದಕ್ಕೇ ಸೋಸುವುದು ಮೊದಲು.

ಒಂದು ಎಚ್ಚರಿಕೆ. ಕುದಿಸಿದರೆ ಕ್ರಿಮಿ ಸಾಯುತ್ತದೆ, ರಾಸಾಯನಿಕ ಹೋಗುವುದಿಲ್ಲ. ಬೆಂಗಳೂರಿನ ಕೊಳಚೆ ಹೊತ್ತ ವೃಷಭಾವತಿ ಅರ್ಕಾವತಿಯನ್ನು ಸೇರುತ್ತದೆ, ಅರ್ಕಾವತಿ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಆ ಹೊಳೆಗಳ ದಡದಲ್ಲಿ ತರಬೇತಿ ಇದ್ದರೆ ನೀರನ್ನು ಊರಿನಿಂದಲೇ ಒಯ್ಯಿರಿ.

ಗಡಿಯಾರದ ಮುಳ್ಳು ನೋಡಿ ದಿಕ್ಕು ಹಿಡಿಯುವ ವಿಧಾನ ಕಲಿಸುತ್ತೀರಾ?

ಇಲ್ಲಿ ಅದು ಕೆಲಸಕ್ಕೆ ಬಾರದು. ಮಧ್ಯಾಹ್ನದ ಸೂರ್ಯ ಯಾವಾಗಲೂ ದಕ್ಷಿಣದಲ್ಲಿರುತ್ತಾನೆ ಎಂದು ಹಿಡಿದುಕೊಂಡು ಕಟ್ಟಿದ ವಿಧಾನ ಅದು. ಬೆಂಗಳೂರಿನಲ್ಲಿ ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ ಸೂರ್ಯ ನಡುನೆತ್ತಿಗೆ ಬಂದು ನೆರಳೇ ಇಲ್ಲವಾಗುತ್ತದೆ. ಆ ಎರಡು ದಿನಗಳ ನಡುವಿನ ತಿಂಗಳುಗಳಲ್ಲಿ ಮಧ್ಯಾಹ್ನದ ಸೂರ್ಯ ಉತ್ತರಕ್ಕಿರುತ್ತಾನೆ. ಗಡಿಯಾರ ನಂಬಿ ಹೊರಟವರು ಆಗ ತಿರುಗುಮುರುಗು ನಡೆಯುತ್ತಾರೆ.

ನೆರಳುಕೋಲು ಇದಕ್ಕಿಂತ ಮೇಲು. ಮೂರಡಿ ಕೋಲನ್ನು ನೆಟ್ಟಗೆ ಹುಗಿದು ನೆರಳಿನ ತುದಿಗೆ ಕಲ್ಲಿಡಿ. ಅರ್ಧ ಗಂಟೆ ಬಿಟ್ಟು ಹೊಸ ತುದಿಗೆ ಇನ್ನೊಂದು ಕಲ್ಲು. ಮೊದಲ ಕಲ್ಲು ಪಶ್ಚಿಮ, ಎರಡನೆಯದು ಪೂರ್ವ. ಬೆಳಗ್ಗೆ ಬೇಗ, ಸಂಜೆ ತಡವಾಗಿ ಮಾಡಿದರೆ ತಪ್ಪು ಹೆಚ್ಚು, ಮಧ್ಯಾಹ್ನದ ಆಸುಪಾಸಿನಲ್ಲಿ ಕಡಿಮೆ. ರಾತ್ರಿ ಧ್ರುವ ನಕ್ಷತ್ರ ನಮಗೆ ದಿಗಂತದಿಂದ ಬರೀ 13 ಡಿಗ್ರಿ ಮೇಲಿರುತ್ತದೆ, ಅಂದರೆ ಕೈ ಚಾಚಿ ಹಿಡಿದ ಮುಷ್ಟಿಗಿಂತ ಸ್ವಲ್ಪ ಮೇಲೆ. ಒಂದು ಗುಡ್ಡವೋ ನಾಲ್ಕು ಮರವೋ ಅಡ್ಡ ಬಂದರೆ ಕಾಣದು.

ಇವೆಲ್ಲ ಕೊನೆಯ ಉಪಾಯಗಳು. ಕೋರ್ಸಿನಲ್ಲಿ ಹೆಚ್ಚು ಹೊತ್ತು ಹೋಗಬೇಕಾದ್ದು ಕಂಪಾಸ್ ಮತ್ತು ನಕ್ಷೆಗೆ. ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆಯಲ್ಲಿ 2 ಸೆಂಟಿಮೀಟರ್ ಅಂದರೆ ನೆಲದ ಮೇಲೆ 1 ಕಿಲೋಮೀಟರ್. ಬೆಂಗಳೂರಿನ ಸುತ್ತ ಕಂಪಾಸಿನ ಮುಳ್ಳು ತೋರಿಸುವ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಇರುವ ಅಂತರ ಎರಡು ಡಿಗ್ರಿಯೊಳಗೆ, ಹೊಸಬರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಿಲ್ಲ. ಸಮಯದ ಅಂದಾಜಿಗೆ ಹೊರೆ ಹೊತ್ತವರು ಗಂಟೆಗೆ 3ರಿಂದ 4 ಕಿಲೋಮೀಟರ್, ಜೊತೆಗೆ ಪ್ರತಿ 600 ಮೀಟರ್ ಏರಿಗೆ ಒಂದು ಗಂಟೆ ಹೆಚ್ಚು ಹಿಡಿಯಿರಿ. ಕತ್ತಲಾಗುವ ಹೊತ್ತಿನಿಂದ ಹಿಂದಕ್ಕೆ ಎಣಿಸಿ, ಎಷ್ಟು ಗಂಟೆಗೆ ಮರಳಬೇಕು ಎಂದು ಹೊರಡುವ ಮುನ್ನವೇ ಬರೆದಿಡಿ. ತುದಿ ಮುಟ್ಟಲು ಹತ್ತೇ ನಿಮಿಷ ಇದ್ದರೂ ಆ ಗಂಟೆಗೆ ತಿರುಗಿಬಿಡಬೇಕು.

ಮಲೆನಾಡಿನ ಕೋರ್ಸಿಗೆ ಏನು ಬೇರೆ ತಯಾರಿ ಬೇಕು?

ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7000 ಮಿಲಿಮೀಟರಿಗೂ ಹೆಚ್ಚು. ಕರ್ನಾಟಕದಲ್ಲಿ ಚಳಿಯಿಂದ ಯಾರಿಗೆ ಏನಾಗುತ್ತದೆ ಎಂದು ಕೇಳುವವರು ಜುಲೈನಲ್ಲಿ ಕುದುರೆಮುಖದ ಹುಲ್ಲುಗಾವಲಿನಲ್ಲಿ ಗಾಳಿಗೆ ಮೈಯೊಡ್ಡಿ ಅರ್ಧ ಗಂಟೆ ನಿಂತರೆ ಉತ್ತರ ಸಿಗುತ್ತದೆ. ಥರ್ಮಾಮೀಟರ್ 15 ಡಿಗ್ರಿ ತೋರಿಸುತ್ತಿದ್ದರೂ ಒದ್ದೆ ಬಟ್ಟೆ ಮತ್ತು ಗಾಳಿ ಸೇರಿದರೆ ಮೈ ಬಿಸಿ ಸರಸರನೆ ಇಳಿಯುತ್ತದೆ. ಮೊದಲು ನಡುಕ, ಆಮೇಲೆ ಬೆರಳು ಜಿಪ್ ಹಿಡಿಯಲಾರದು, ಹೆಜ್ಜೆ ಎಡವುತ್ತದೆ, ಮಾತು ಕಡಿಮೆಯಾಗುತ್ತದೆ. ಗುಂಪಿನಲ್ಲಿ ಇದ್ದಕ್ಕಿದ್ದಂತೆ ಸುಮ್ಮನಾದವರನ್ನು ಗಮನಿಸಿ. ನಡುಕ ನಿಂತಿತು ಅಂದರೆ ವಾಸಿಯಾಯಿತು ಎಂದಲ್ಲ, ಕೆಟ್ಟಿತು ಎಂದರ್ಥ.

ಆಗ ಮಾಡಬೇಕಾದ್ದು: ಗಾಳಿಮರೆ, ಒದ್ದೆ ಬಟ್ಟೆ ತೆಗೆದು ಒಣಬಟ್ಟೆ, ಕೆಳಗೆ ಹಾಸು, ಎಚ್ಚರವಿದ್ದು ನುಂಗಲು ಆದರೆ ಬಿಸಿ ಸಿಹಿ ಕಾಫಿಯೋ ಬೆಲ್ಲದ ನೀರೋ. ಕೈಕಾಲು ಉಜ್ಜಬೇಡಿ, ಮದ್ಯ ಕೊಡಲೇಬೇಡಿ. ಇದಕ್ಕಾಗಿಯೇ ಒಂದು ಜೊತೆ ಬಟ್ಟೆ, ಒಂದು ಉಣ್ಣೆ ಟೊಪ್ಪಿಯನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಹಾಕಿ ಬ್ಯಾಗಿನ ತಳದಲ್ಲಿಡಿ, ಇಂಥ ತುರ್ತು ಬಾರದಿದ್ದರೆ ಮಲಗುವ ಹೊತ್ತಿನವರೆಗೆ ಬಿಚ್ಚಬೇಡಿ. ಜೀನ್ಸ್, ಕಾಟನ್ ಟೀ ಶರ್ಟ್ ಮನೆಯಲ್ಲೇ ಇರಲಿ.

ಮರೆಗೆ 3 ಮೀಟರ್ ಉದ್ದಗಲದ ಸಿಲ್ಪಾಲಿನ್ ಶೀಟು, 15 ಮೀಟರ್ ನೈಲಾನ್ ಹಗ್ಗ ಸಾಕು. ಎರಡು ಮರದ ನಡುವೆ ಸೊಂಟದೆತ್ತರಕ್ಕೆ ಹಗ್ಗ ಬಿಗಿದು, ಗಾಳಿ ಬರುವ ಕಡೆಯ ಅಂಚನ್ನು ನೆಲಕ್ಕೆ ತಾಗಿಸಿ ಕಟ್ಟಿ. ಹೊಸಬರು ಶೀಟನ್ನು ಎತ್ತರಕ್ಕೆ, ಸಡಿಲವಾಗಿ ಕಟ್ಟುತ್ತಾರೆ. ರಾತ್ರಿ ನಡುವೆ ನೀರು ತುಂಬಿ ಹೊಟ್ಟೆ ಬಿಟ್ಟು ಎಲ್ಲ ಒಟ್ಟಿಗೆ ಮೈಮೇಲೆ ಬೀಳುತ್ತದೆ. ಕಟ್ಟುವ ಮುನ್ನ ತಲೆಯೆತ್ತಿ ಒಣಕೊಂಬೆ ನೇತಾಡುತ್ತಿದೆಯೇ ನೋಡಿ. ಹಳ್ಳದ ಪಕ್ಕ ಸಮತಟ್ಟು ಜಾಗ ಎಷ್ಟೇ ಚೆನ್ನಾಗಿ ಕಂಡರೂ ಬೇಡ.

ಇಂಬಳಕ್ಕೆ ಉದ್ದ ಕಾಲುಚೀಲ, ಅದರ ಮೇಲೆ ಉಪ್ಪುನೀರು ಅಥವಾ ಹೊಗೆಸೊಪ್ಪಿನ ನೀರು. ಕಚ್ಚಿದ್ದನ್ನು ಬೆಂಕಿ ತಾಗಿಸದೆ ಚರ್ಮಕ್ಕೆ ಅಂಟಿದ ಅದರ ಬಾಯಿಯ ಅಡಿಗೆ ಉಗುರು ಸವರಿ ಬಿಡಿಸಿ. ರಕ್ತ ಸ್ವಲ್ಪ ಹೊತ್ತು ಹರಿಯುತ್ತದೆ, ಗಾಬರಿ ಬೇಡ. ಇಂಬಳಕ್ಕಿಂತ ಹೆದರಬೇಕಾದ್ದು ಉಣುಗಿಗೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಅದರಿಂದ ಹರಡುತ್ತದೆ, ಡಿಸೆಂಬರಿನಿಂದ ಮೇವರೆಗೆ ಹೆಚ್ಚು. ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರಿನ ಕಡೆ ಆ ತಿಂಗಳುಗಳಲ್ಲಿ ಹೋದರೆ ತುಂಬುತೋಳಿನ ಬಟ್ಟೆ, ತರಗೆಲೆಯ ಮೇಲೆ ನೇರವಾಗಿ ಕೂರದಿರುವುದು, ಸಂಜೆ ಮೈಯೆಲ್ಲ ಹುಡುಕಿ ನೋಡುವುದು ಕಡ್ಡಾಯ. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಿ. ಮರಳಿದ ಒಂದೆರಡು ವಾರದಲ್ಲಿ ಜ್ವರ ಬಂದರೆ ಎಲ್ಲಿಗೆ ಹೋಗಿದ್ದಿರಿ ಎಂದು ವೈದ್ಯರಿಗೆ ಹೇಳಲೇಬೇಕು. ಬೆಂಗಳೂರಿನ ಕ್ಲಿನಿಕ್ಕಿನಲ್ಲಿ ಅವರಾಗಿಯೇ ಊಹಿಸಲಾರರು.

ಹಾವು ಕಚ್ಚಿದರೆ?

ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಹೀರಬೇಡಿ, ಹಾವನ್ನು ಹಿಡಿಯಲು ಹೋಗಬೇಡಿ. ಉಂಗುರ, ಬಳೆ, ಗಡಿಯಾರ, ಬೂಟು ತೆಗೆಯಿರಿ. ಕಚ್ಚಿದ ಕೈಯನ್ನೋ ಕಾಲನ್ನೋ ಮೂಳೆ ಮುರಿದಾಗ ಮಾಡುವಂತೆ ಕೋಲು ಇಟ್ಟು ಅಲುಗಾಡದಂತೆ ಕಟ್ಟಿ, ನಡೆಸದೆ ಹೊತ್ತೊಯ್ಯಿರಿ. ಕಚ್ಚಿದ ಗಂಟೆಯನ್ನು ಬರೆದುಕೊಳ್ಳಿ.

ನಮ್ಮಲ್ಲಿ ಸಿಗುವ ವಿಷನಿವಾರಕ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೆ ತಯಾರಾದದ್ದು. ಪಶ್ಚಿಮ ಘಟ್ಟದ ಗುಳಿಮಂಡಲಗಳಿಗೆ ಅದು ತಯಾರಾದದ್ದಲ್ಲ, ಹಾಗಿದ್ದರೂ ಆಸ್ಪತ್ರೆಗೆ ಹೋಗಲೇಬೇಕು. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ, ನೋವು, ಊತ ಇರದೇ ಇರಬಹುದು. ಬೆಳಗ್ಗೆ ಹೊಟ್ಟೆನೋವು, ರೆಪ್ಪೆ ಇಳಿಬೀಳುವುದು ಕಂಡರೆ ಅನುಮಾನಿಸಿ. ಹತ್ತಿರದ ಯಾವ ಆಸ್ಪತ್ರೆಯಲ್ಲಿ ವಿಷನಿವಾರಕ ಮತ್ತು ವೆಂಟಿಲೇಟರ್ ಇದೆ ಎಂದು ಕೋರ್ಸಿಗೆ ಮೊದಲೇ ಫೋನ್ ಮಾಡಿ ಕೇಳಿಟ್ಟುಕೊಳ್ಳದ ತರಬೇತುದಾರರ ಜೊತೆ ಹೋಗಬೇಡಿ.

ಬೆಂಕಿ ಮಾಡುವುದು, ಕಾಡಿನ ಆಹಾರ ಹುಡುಕುವುದು ಕಲಿಸುತ್ತಾರಾ?

ಬೆಂಕಿ ಕಲಿಸಬೇಕು, ಆದರೆ ಖಾಸಗಿ ಜಮೀನಿನಲ್ಲಿ. ಅಭಯಾರಣ್ಯ, ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚುವುದು ಅಪರಾಧ. ತೋಟದ ತೆಂಗಿನ ನಾರನ್ನು ಬಿಡಿಸಿ ಹಕ್ಕಿಗೂಡಿನಂತೆ ಮಾಡಿದರೆ ಫೆರೋ ಕಡ್ಡಿಯ (ಗೀರಿದರೆ ಕಿಡಿ ಹಾರಿಸುವ ಲೋಹದ ಕಡ್ಡಿ) ಕಿಡಿಗೆ ಹತ್ತಿಕೊಳ್ಳುತ್ತದೆ. ಮಳೆಯಲ್ಲಿ ಸೈಕಲ್ ಟ್ಯೂಬಿನ ಬೆರಳಗಲದ ತುಂಡು ಒದ್ದೆಯಾದರೂ ಉರಿಯುತ್ತದೆ. ಹತ್ತದಿರಲು ಕಾರಣ ಸಾಮಾನ್ಯವಾಗಿ ಒಂದೇ: ಕಡ್ಡಿ ದಪ್ಪ. ಮೊದಲ ಹಿಡಿ ಬೆಂಕಿಕಡ್ಡಿಗಿಂತ ತೆಳ್ಳಗಿರಬೇಕು, ಎರಡನೆಯದು ಪೆನ್ಸಿಲ್ ದಪ್ಪ. ನೆಲದಿಂದ ಆಯ್ದದ್ದು ಬೇಡ, ಮರದಲ್ಲೇ ಒಣಗಿ ಸಿಕ್ಕಿಕೊಂಡ ಕಡ್ಡಿ ಬೇಕು.

ಆಹಾರದ ವಿಷಯದಲ್ಲಿ ನಮ್ಮ ಅಭಿಪ್ರಾಯ ಕಟುವಾಗಿದೆ. ಎರಡು ದಿನದಲ್ಲಿ ಯಾರೂ ಗಿಡ ಗುರುತಿಸಲು ಕಲಿಯಲಾರರು. ಕಾಸರಕದ ಹಣ್ಣು ಕಿತ್ತಳೆಯಂತೆ ಕಾಣುತ್ತದೆ, ಬೀಜದಲ್ಲಿ ಸ್ಟ್ರಿಕ್ನಿನ್ ಇದೆ. ಅಗ್ನಿಶಿಖೆಯ ಗೆಡ್ಡೆಯನ್ನು ಗೆಣಸೆಂದು ತಿಂದು ಸತ್ತವರಿದ್ದಾರೆ. ಮಂಗ ತಿಂದದ್ದನ್ನು ಮನುಷ್ಯ ತಿನ್ನಬಹುದು ಅನ್ನುವುದು ಸುಳ್ಳು. ಬೇಟೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ, ಕೋರ್ಸಿನಲ್ಲಿ ಬಲೆ ಒಡ್ಡಿ ತೋರಿಸುತ್ತೇವೆ ಅನ್ನುವವರಿಂದ ದೂರವಿರಿ. ಅರ್ಧ ಕೇಜಿ ಹುರಿಗಡಲೆ, ಕಡಲೆಬೀಜ, ಬೆಲ್ಲ ಬ್ಯಾಗಿನಲ್ಲಿದ್ದರೆ ಎರಡು ದಿನದ ಚಿಂತೆ ಮುಗಿಯಿತು. ತಿನ್ನುವ ಗಿಡಕ್ಕಿಂತ ಮುಟ್ಟಬಾರದ ಗಿಡ ಕಲಿಯಿರಿ: ನಸುಗುನ್ನಿ, ತುರುಚೆ, ಕಪ್ಪು ಸೊನೆಯಿಂದ ಮೈ ಸುಡುವ ಹೊಳಗೇರು.

ಆನೆ ಎದುರಾದರೆ?

ಬನ್ನೇರುಘಟ್ಟ, ಕಾವೇರಿ ವನ್ಯಧಾಮದ ಕಡೆ ಇದು ಬರೀ ಊಹೆಯ ಪ್ರಶ್ನೆಯಲ್ಲ. ಹಸಿ ಲದ್ದಿ, ಮುರಿದ ಬಿದಿರು, ಹೊಟ್ಟೆಯ ಗುಡುಗು ಕೇಳಿದ ಕೂಡಲೇ ಹಿಂದಿರುಗಿ. ಫೋಟೊ, ಟಾರ್ಚು, ಕೂಗು ಬೇಡ. ಗಾಳಿ ನಿಮ್ಮಿಂದ ಆನೆಯ ಕಡೆ ಬೀಸದಂತೆ ಪಕ್ಕಕ್ಕೆ ಸರಿಯಿರಿ. ಕತ್ತಲಲ್ಲಿ, ನೀರಿನ ದಾರಿಯಲ್ಲಿ ನಡೆಯದಿರುವುದೇ ದೊಡ್ಡ ರಕ್ಷಣೆ. ಕರಡಿಗಾದರೆ ತದ್ವಿರುದ್ಧ: ತಿರುವುಗಳಲ್ಲಿ ಮಾತಾಡುತ್ತಾ, ಕೋಲು ತಟ್ಟುತ್ತಾ ನಡೆದರೆ ಅದೇ ದೂರ ಹೋಗುತ್ತದೆ.

ಹೊಳೆ ದಾಟುವುದು, ಕಡಲ ತೀರ?

ಹರಿಯುವ ನೀರು ಮೊಣಕಾಲಿನ ಮೇಲೆ ಬಂದರೆ ದಾಟಬೇಡಿ. ಅದಕ್ಕಿಂತ ಕಡಿಮೆಯಿದ್ದರೆ ಬೂಟು ಹಾಕಿಕೊಂಡೇ, ಬ್ಯಾಗಿನ ಸೊಂಟದ ಪಟ್ಟಿ ಬಿಚ್ಚಿ, ಹರಿವಿಗೆ ಮುಖ ಮಾಡಿ, ಕೋಲೂರಿ ಅಡ್ಡಡ್ಡ ಹೆಜ್ಜೆ ಹಾಕಿ. ಮೇಕೆದಾಟು, ಸಂಗಮದಲ್ಲಿ ಈಜುವ ಪಾಠ ಇಲ್ಲವೇ ಇಲ್ಲ. ಸುಳಿಯೂ ಇದೆ, ಮೊಸಳೆಯೂ ಇದೆ, ಮೇಲಿನ ಅಣೆಕಟ್ಟೆಗಳಿಂದ ನೀರು ಬಿಟ್ಟರೆ ಮಟ್ಟ ಏರುತ್ತದೆ. ಕಡಲಲ್ಲಿ ಸೆಳೆತಕ್ಕೆ ಸಿಕ್ಕರೆ ದಡದ ಕಡೆ ಈಜದೆ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ.

ಹಿಮಾಲಯ ಮತ್ತು ಮರುಭೂಮಿ?

ಬೆಂಗಳೂರು ಸುಮಾರು 900 ಮೀಟರ್, ಲೇಹ್ 3500 ಮೀಟರ್. ವಿಮಾನದಲ್ಲಿ ಇಳಿದವರು ಮೊದಲ ಎರಡು ದಿನ ಮಲಗಿ, ನೀರು ಕುಡಿದು, ನಿಧಾನವಾಗಿ ಓಡಾಡುವುದೇ ತರಬೇತಿ. 3000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು, ಮೂರ್ನಾಲ್ಕು ದಿನಕ್ಕೊಮ್ಮೆ ವಿಶ್ರಾಂತಿ. ತಲೆನೋವಿನ ಜೊತೆ ತೂರಾಟ, ಅಥವಾ ಸುಮ್ಮನೆ ಕೂತಾಗಲೂ ಏದುಸಿರು ಬಂದರೆ ರಾತ್ರಿಯಾದರೂ ಕೆಳಗಿಳಿಸಬೇಕು. ಜಿಮ್ಮಿನ ಮೈಕಟ್ಟು ಇಲ್ಲಿ ಕಾಯುವುದಿಲ್ಲ, ಚುರುಕಾದವರೇ ಬೇಗ ಏರಿ ಕಾಯಿಲೆ ಬೀಳುತ್ತಾರೆ. ಗಂಭೀರವಾಗಿ ಕಲಿಯಬೇಕೆಂದರೆ ಡಾರ್ಜಿಲಿಂಗಿನ ಹಿಮಾಲಯನ್ ಮೌಂಟನೀರಿಂಗ್ ಇನ್‌ಸ್ಟಿಟ್ಯೂಟ್, ಉತ್ತರಕಾಶಿಯ ನೆಹರು ಇನ್‌ಸ್ಟಿಟ್ಯೂಟ್ ಆಫ್ ಮೌಂಟನೀರಿಂಗ್ ಇವೆ. ಕರ್ನಾಟಕದಲ್ಲೇ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ.

ಥಾರ್‌ನಲ್ಲಿ ಹಗಲು ನೆರಳಲ್ಲಿ ಕೂತು ಬೆಳಗಿನ ಜಾವ ನಡೆಯಬೇಕು. ಗುಂಡಿ ತೋಡಿ ಪ್ಲಾಸ್ಟಿಕ್ ಹೊದಿಸಿ ನೀರು ಹಿಡಿಯುವ ಪಾಠಕ್ಕೆ ಹೊತ್ತು ಕೊಡಬೇಡಿ, ತೋಡಲು ಸುರಿಸಿದ ಬೆವರಿನಷ್ಟೂ ಸಿಗದು.

ಅನುಮತಿ, ಸಾಧನ, ಸ್ಯಾಟಲೈಟ್ ಫೋನ್?

ಅರಣ್ಯ ಇಲಾಖೆಯ ಕೈಕೆಳಗಿನ ದಾರಿಗಳಿಗೆ ಮುಂಗಡ ಬುಕ್ಕಿಂಗ್ ಬೇಕು, ಎಷ್ಟೋ ದಾರಿಗಳಿಗೆ 'ಅರಣ್ಯ ವಿಹಾರ' ಜಾಲತಾಣದಲ್ಲಿ ಸಿಗುತ್ತದೆ. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯಕ್ಕೆ ಹಲವು ದಾರಿ ಮುಚ್ಚಿರುತ್ತಾರೆ. ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಥುರಾಯಾ, ಇರಿಡಿಯಂ ಫೋನ್ ಇಟ್ಟುಕೊಳ್ಳುವುದು ಭಾರತದಲ್ಲಿ ಕಾನೂನುಬಾಹಿರ. ವಿದೇಶದಿಂದ ತರಿಸಿದ ಉಪಗ್ರಹ ಸಂದೇಶ ಸಾಧನಗಳೂ ತೊಂದರೆಗೆ ಸಿಲುಕಿಸುತ್ತವೆ. ವಿಮಾನದಲ್ಲಿ ಹೋಗುವವರು ಸ್ಟೌವಿನ ಗ್ಯಾಸ್ ಡಬ್ಬಿಯನ್ನು ಚೆಕ್‌ಇನ್ ಬ್ಯಾಗಿನಲ್ಲೂ ಒಯ್ಯುವಂತಿಲ್ಲ.

ಒಳ್ಳೆಯ ಕೋರ್ಸನ್ನು ಹೇಗೆ ಗುರುತಿಸುವುದು?

ದುಡ್ಡು ಕಟ್ಟುವ ಮುನ್ನ ಫೋನಿನಲ್ಲಿ ಕೇಳಿ: ಒಬ್ಬ ತರಬೇತುದಾರರಿಗೆ ಎಷ್ಟು ಮಂದಿ? (8ಕ್ಕಿಂತ ಹೆಚ್ಚಾದರೆ ಕೈಹಿಡಿದು ಕಲಿಸಲಾಗದು.) ಅವರ ಪ್ರಥಮ ಚಿಕಿತ್ಸೆಯ ಪ್ರಮಾಣಪತ್ರದ ಅವಧಿ ಮುಗಿದಿಲ್ಲವೇ? ಅನುಮತಿ ಪತ್ರ ತೋರಿಸುತ್ತೀರಾ? ಗಾಯಾಳುವನ್ನು ರಸ್ತೆಗೆ ತರಲು ಎಷ್ಟು ಹೊತ್ತು, ಯಾವ ವಾಹನ? ಮಳೆ ಬಂದರೆ ರದ್ದು ಮಾಡುತ್ತೀರಾ, ದುಡ್ಡು ಮರಳುತ್ತದೆಯೇ? ಕೊನೆಯ ಪ್ರಶ್ನೆಯ ಉತ್ತರ ತುಂಬ ಹೇಳುತ್ತದೆ. ದುಡ್ಡು ಮರಳಿಸಬೇಕಾಗುತ್ತದೆಂದು ಹೆದರುವವರು ತುಂಬಿದ ಹಳ್ಳವನ್ನೂ ದಾಟಿಸುತ್ತಾರೆ. ಸಕ್ಕರೆ ಕಾಯಿಲೆ, ಆಸ್ತಮಾ, ಮೂರ್ಛೆರೋಗ ಇದ್ದವರೂ ಸೇರಬಹುದು, ಮುಚ್ಚಿಡಬಾರದು ಅಷ್ಟೇ.

ನಿಜವಾಗಿ ದಾರಿ ತಪ್ಪಿದರೆ ಮೊದಲು ಏನು?

ನಿಲ್ಲಿ. ಕೂತು ನೀರು ಕುಡಿಯಿರಿ. ಹದಿನೈದು ನಿಮಿಷ ಏಳಬೇಡಿ. ಖಚಿತವಾಗಿ ನೆನಪಿರುವ ಕೊನೆಯ ಜಾಗ ಅರ್ಧ ಗಂಟೆಯೊಳಗಿನ ದೂರದಲ್ಲಿದ್ದು, ಬೆಳಕಿದ್ದರೆ ಮಾತ್ರ ಹಿಂದಿರುಗಿ. ಇಲ್ಲವಾದರೆ ಅಲ್ಲೇ ಮರೆ ಕಟ್ಟಿ. ಹಳ್ಳ ಹಿಡಿದು ಇಳಿದರೆ ಊರು ಸಿಗುತ್ತದೆ ಅನ್ನುವುದು ಘಟ್ಟದಲ್ಲಿ ಅಪಾಯದ ನಂಬಿಕೆ, ಮೊದಲು ಸಿಗುವುದು ಜಲಪಾತದ ತಲೆ. ವಿಶಲ್ ಒಂದು ನಿಮಿಷದಲ್ಲಿ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಊದಿ. ಫೋನನ್ನು ಏರ್‌ಪ್ಲೇನ್ ಮೋಡಿಗೆ ಹಾಕಿ, ಗಂಟೆಗೊಮ್ಮೆ ತೆರೆದ ಜಾಗದಲ್ಲಿ ಆನ್ ಮಾಡಿ. ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಸಿಕ್ಕರೆ 112ಕ್ಕೆ ಕರೆ ಹೋಗಬಹುದು.

ಮನೆಯವರಿಗೆ ಏನು ಹೇಳಿ ಹೊರಡಬೇಕು?

ಬಾಯಿಮಾತಲ್ಲಿ ಬೇಡ, ಚೀಟಿಯಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿ: ಯಾವ ಬೆಟ್ಟ, ಯಾವ ಕಡೆಯಿಂದ ಹತ್ತುವುದು, ಜೊತೆಗಿರುವವರ ನಂಬರ್, ಗಾಡಿ ನಿಲ್ಲಿಸುವ ಜಾಗ, ಹಾಕಿಕೊಂಡ ಬಟ್ಟೆಯ ಬಣ್ಣ, ಮರಳುವ ಗಂಟೆ. ಅದರ ಕೆಳಗೆ ಇನ್ನೊಂದು ಗಂಟೆ: ಅಷ್ಟರೊಳಗೆ ಫೋನ್ ಬಾರದಿದ್ದರೆ 112ಕ್ಕೂ ಆ ಊರಿನ ಪೊಲೀಸ್ ಠಾಣೆಗೂ ಕರೆ ಮಾಡಬೇಕು ಎಂದು. ಕೆಳಗಿಳಿದು ಗಾಡಿ ಹತ್ತುವ ಮುನ್ನ ಮನೆಗೆ ಫೋನ್ ಮಾಡಿ, ಕಾಫಿ ಆಮೇಲೆ.